ಅಪಘಾತದ ಕ್ಲೇಮು: ತಲೆಯೊಳಗಿನ ಗಾಯಕ್ಕೆ ಕಾಗದ ಎಲ್ಲಿದೆ?

ಆಗುಂಬೆ ತಿರುವಿನಲ್ಲೋ ಹುಲಿಕಲ್ ಘಾಟಿಯಲ್ಲೋ ಬೈಕು ಬಿದ್ದು ಕಾಲು ಮುರಿದರೆ ಅದಕ್ಕೆ ಎಕ್ಸ್‌ರೇ ಇರುತ್ತದೆ, ಒಳಗೆ ಹಾಕಿದ ರಾಡಿಗೆ ಬಿಲ್ಲಿರುತ್ತದೆ. ಅದೇ ಅಪಘಾತದ ನಂತರ ಆ ಮನುಷ್ಯನಿಗೆ ರಾತ್ರಿ ನಿದ್ದೆಯಿಲ್ಲ, ಲಾರಿ ಹಾರನ್ ಕೇಳಿದರೆ ಬೆವರುತ್ತಾನೆ, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗುತ್ತಾನೆ, ಚಿಲ್ಲರೆ ಎಣಿಸುವಾಗ ತಪ್ಪುತ್ತಾನೆ. ಇದಕ್ಕೆ ಯಾವ ಕಾಗದವೂ ಇರುವುದಿಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, ಅಂದರೆ ಎಲ್ಲರೂ ಎಂಎಸಿಟಿ ಎನ್ನುವ ಕೋರ್ಟಿಗೆ, ಕಾಗದವಿಲ್ಲದ ತೊಂದರೆ ‘ನೋವು ಮತ್ತು ಯಾತನೆ’ ಎಂಬ ಸಾಲಿನೊಳಗೆ ಸೇರಿಹೋಗುವ ವಿಷಯ. ಆ ಸಾಲಿಗೆ ಸಿಗುವುದು ಅಂದಾಜಿನ ಒಂದು ಮೊತ್ತ. ದುಡಿಮೆಯ ನಷ್ಟದ ಲೆಕ್ಕಕ್ಕೆ ಅದು ಬರಬೇಕಾದರೆ ಮಾನಸಿಕ ಆರೋಗ್ಯದ ಮೌಲ್ಯಮಾಪನ ಬೇಕು, ಅದೂ ಸರಿಯಾದ ಹೊತ್ತಿಗೆ, ಸರಿಯಾದವರಿಂದ.

ಮೊದಲು ಎರಡು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿಕೊಳ್ಳಬೇಕು. ಮಿದುಳಿಗೇ ಪೆಟ್ಟು ಬಿದ್ದು ನೆನಪು, ಗಮನ, ಸ್ವಭಾವ ಬದಲಾಗುವುದು ಒಂದು. ಮಿದುಳಿಗೆ ಏನೂ ಆಗದೆ, ಘಟನೆಯ ಆಘಾತದಿಂದ ಭಯ, ಖಿನ್ನತೆ, ದುಃಸ್ವಪ್ನ ಶುರುವಾಗುವುದು ಇನ್ನೊಂದು. ಹಲವರಲ್ಲಿ ಎರಡೂ ಕೂಡಿರುತ್ತವೆ. ಅರ್ಜಿಯಲ್ಲಿ ‘ಮಾನಸಿಕವಾಗಿ ನೊಂದಿದ್ದಾರೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಎರಡೂ ಕೈಬಿಟ್ಟ ಹಾಗೆ.

ಮಿದುಳಿನ ಪೆಟ್ಟಿಗೆ ಸಾಕ್ಷ್ಯ ಶುರುವಾಗುವುದು ಆಸ್ಪತ್ರೆಗೆ ತಂದ ಮೊದಲ ಗಂಟೆಯಲ್ಲಿ. ಗಾಯಾಳುವಿಗೆ ಎಚ್ಚರ ಎಷ್ಟಿದೆ ಎಂದು ಅಳೆದು ಕ್ಯಾಶುವಾಲಿಟಿಯಲ್ಲಿ ಬರೆದ ಗ್ಲಾಸ್ಗೋ ಕೋಮಾ ಅಂಕವನ್ನು ಹುಡುಕಿ. ಅದು 3ರಿಂದ 15ರವರೆಗೆ ಇರುತ್ತದೆ. 13ರಿಂದ 15 ಸೌಮ್ಯ, 9ರಿಂದ 12 ಮಧ್ಯಮ, 8 ಮತ್ತು ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಎಷ್ಟು ಹೊತ್ತು ಪ್ರಜ್ಞೆ ತಪ್ಪಿತ್ತು, ವಾಂತಿ ಆಯಿತೇ, ಅಪಘಾತದ ನಂತರದ ಎಷ್ಟು ದಿನ ಅವರಿಗೆ ನೆನಪಿಲ್ಲ ಎಂಬುದೂ ಅಷ್ಟೇ ಮುಖ್ಯ. ನೆನಪಿಲ್ಲದ ಅವಧಿ ಉದ್ದವಾದಷ್ಟೂ ಪೆಟ್ಟು ಗಂಭೀರ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಸಿಟಿ ಸ್ಕ್ಯಾನ್ ನಾರ್ಮಲ್ ಬಂದಿದೆ ಎಂಬ ಮಾತಿಗೆ ಅನೇಕರು ಅಲ್ಲೇ ಸುಮ್ಮನಾಗುತ್ತಾರೆ. ಮಿದುಳಿನ ನರತಂತುಗಳು ಅಲ್ಲಲ್ಲಿ ಹರಿದ ಗಾಯ ಸಿಟಿಯಲ್ಲಿ ಕಾಣದೆ ಎಂಆರ್‌ಐನಲ್ಲಿ ಕಾಣಬಹುದು. ಎರಡರಲ್ಲೂ ಕಾಣದೆ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುವ ನಷ್ಟವೂ ಇದೆ. ಇನ್ನು ಮೂಳೆ ವಾರ್ಡಿನಿಂದ ಡಿಸ್ಚಾರ್ಜ್ ಆದವರ ಸಮ್ಮರಿಯಲ್ಲಿ ತಲೆಯ ಬಗ್ಗೆ ಒಂದಕ್ಷರವೂ ಇಲ್ಲದಿರುವುದು ಸಾಮಾನ್ಯ. ಮನೆಗೆ ಹೊರಡುವ ಮುಂಚೆ ಅದನ್ನು ಓದಿ, ಬಿಟ್ಟುಹೋದದ್ದನ್ನು ಸೇರಿಸಲು ಕೇಳುವುದು ಆಮೇಲಿನ ಹತ್ತು ಅರ್ಜಿಗಿಂತ ಸುಲಭ.

ಭಯ, ಖಿನ್ನತೆಯ ವಿಷಯದಲ್ಲಿ ನಮ್ಮ ಕಡೆ ನಡೆಯುವ ಎಡವಟ್ಟು ಬೇರೆ. ‘ಹೆದರಿಕೊಂಡಿದಾನೆ, ತಾಯಿತ ಕಟ್ಟಿಸಿ’ ಎನ್ನುವುದರಲ್ಲಿ ಆರೇಳು ತಿಂಗಳು ಕಳೆಯುತ್ತದೆ. ತಾಯಿತ ಕಟ್ಟಿಸಬೇಡಿ ಎಂದು ಯಾರೂ ಹೇಳುತ್ತಿಲ್ಲ, ಜೊತೆಗೆ ಓಪಿಡಿ ಚೀಟಿಯೂ ಇರಲಿ. ರೋಗ ಗುರುತಿಸಲು ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಲಕ್ಷಣಗಳು ಒಂದು ತಿಂಗಳು ದಾಟಿದ ಮೇಲಷ್ಟೇ ಆಘಾತೋತ್ತರ ಒತ್ತಡ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಎನ್ನುತ್ತಾರೆ. ಮೂರು ದಿನದಿಂದ ಒಂದು ತಿಂಗಳವರೆಗಿನದಕ್ಕೆ ತೀವ್ರ ಒತ್ತಡದ ಕಾಯಿಲೆ ಎಂಬ ಬೇರೆ ಹೆಸರಿದೆ. ಹಾಗಾಗಿ ಆರನೇ ವಾರದ ಹೊತ್ತಿಗೆ ಮನೋವೈದ್ಯರನ್ನು ಒಮ್ಮೆ ಕಂಡಿರುವುದು ಒಳ್ಳೆಯದು. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವಿದೆ. ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಗಳಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗಿಬರುವುದೇ ಒಂದು ದಿನದ ಕೆಲಸ. ಬಸ್ಸು ಹತ್ತಲು ಹೆದರುವವರಿಗಂತೂ ಕೇಳುವುದೇ ಬೇಡ. ಹತ್ತಿರದ ತಾಲ್ಲೂಕು ಆಸ್ಪತ್ರೆಯ ಚೀಟಿಯೂ ಚೀಟಿಯೇ, ಮನೋವೈದ್ಯರು ಅಲ್ಲಿಗೆ ಯಾವ ದಿನ ಬರುತ್ತಾರೆಂದು ವಿಚಾರಿಸಿಕೊಳ್ಳಿ. ತುರ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಚಿಕಿತ್ಸೆ ಮಧ್ಯೆ ನಿಂತರೆ ಏನಾಗುತ್ತದೆ? ಅಡಿಕೆ ಕೊನೆ ಕೊಯ್ಲು ಬಂತು, ಮಾತ್ರೆ ಬಿಟ್ಟರು, ನಾಲ್ಕು ತಿಂಗಳು ಆಸ್ಪತ್ರೆ ಕಡೆ ಹೋಗಲಿಲ್ಲ. ವಿಮಾ ಕಂಪನಿಯ ವಕೀಲರು ಆ ನಾಲ್ಕು ತಿಂಗಳನ್ನು ‘ಗುಣವಾಗಿತ್ತು’ ಎಂದೇ ಓದುತ್ತಾರೆ. ಇದಕ್ಕಿಂತ ಕೆಟ್ಟದ್ದು, ಅರ್ಜಿ ಹಾಕಿದ ಮೇಲೆ ಮೊದಲ ಸಲ ಮನೋವೈದ್ಯರ ಬಳಿ ಹೋಗಿ ಅಂದೇ ಪ್ರಮಾಣಪತ್ರ ಪಡೆಯುವುದು. ಅದನ್ನು ಯಾವ ನ್ಯಾಯಾಧೀಶರೂ ಗಂಭೀರವಾಗಿ ತೆಗೆದುಕೊಳ್ಳಲಾರರು, ತೆಗೆದುಕೊಳ್ಳಬೇಕಾಗಿಯೂ ಇಲ್ಲ.

ಮೌಲ್ಯಮಾಪನವನ್ನು ಒಬ್ಬರೇ ಮಾಡುವುದಿಲ್ಲ. ಮನೋವೈದ್ಯರು ರೋಗ ನಿರ್ಣಯಿಸಿ ಔಷಧ ಕೊಡುತ್ತಾರೆ. ನೆನಪು, ಗಮನ, ಬುದ್ಧಿಶಕ್ತಿಯ ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್. ವರದಿಯಲ್ಲಿ ಅವರ ನೋಂದಣಿ ಸಂಖ್ಯೆ ಇದೆಯೇ ನೋಡಿ. ಕೌನ್ಸೆಲರ್ ಬರೆದುಕೊಟ್ಟ ಪತ್ರ ಪಾಟಿಸವಾಲಿನಲ್ಲಿ ನಿಲ್ಲುವುದು ಕಷ್ಟ. ತಲೆಗೆ ಪೆಟ್ಟಾದವರಿಗೆ 2004ರ ನಿಮ್ಹಾನ್ಸ್ ನರಮನೋವಿಜ್ಞಾನ ಪರೀಕ್ಷಾ ಮಾಲಿಕೆ ನಮಗೆ ಹೊಂದುತ್ತದೆ. ವಯಸ್ಸು, ಲಿಂಗ, ಓದು ಮೂರಕ್ಕೂ ತಕ್ಕ ಹೋಲಿಕೆಯ ಅಂಕಗಳು ಅದರಲ್ಲಿವೆ, ಓದು ಬರಹ ಬಾರದವರಿಗೂ ಇವೆ. ನಾಲ್ಕನೇ ಕ್ಲಾಸು ಓದಿದ ಕೊನೆಗಾರನನ್ನು, ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವನನ್ನು, ಡಿಗ್ರಿ ಓದಿದವರ ಅಂಕಕ್ಕೆ ಹೋಲಿಸಿದರೆ ಅಪಘಾತವಾಗದಿದ್ದರೂ ಅವನು ಫೇಲೇ. ಪಿಟಿಎಸ್‌ಡಿಗೆ ಪಿಸಿಎಲ್-5 ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ಒಟ್ಟು 80 ಅಂಕ, 31ರಿಂದ 33ರ ಮೇಲಿದ್ದರೆ ಮುಂದಿನ ಪರೀಕ್ಷೆ ಬೇಕು ಎಂದರ್ಥ. ಅದು ರೋಗಿ ತಾನೇ ಹೇಳಿಕೊಂಡ ಅಂಕ. ಅದೊಂದನ್ನೇ ನೆಚ್ಚಿದ ವರದಿ ಜೊಳ್ಳು. ವೈದ್ಯರ ನೇರ ಸಂದರ್ಶನ, ಮನೆಯವರ ಹೇಳಿಕೆ, ಪ್ರಾಮಾಣಿಕವಾಗಿ ಪ್ರಯತ್ನಿಸಿದರೇ ಎಂಬುದರ ಪರೀಕ್ಷೆ, ಈ ಮೂರೂ ಜೊತೆಗಿರಬೇಕು.

ತಲೆಪೆಟ್ಟಿನ ನಂತರ ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ಆದ್ದರಿಂದ ಶಾಶ್ವತ ನಷ್ಟ ಎಷ್ಟು ಎಂದು ಹೇಳುವ ಪರೀಕ್ಷೆಯನ್ನು ಆರು ತಿಂಗಳಿಂದ ಒಂದು ವರ್ಷ ಕಳೆದು ಮಾಡಿಸುವುದು ವಾಡಿಕೆ. ಇಲ್ಲೊಂದು ತೊಡಕಿದೆ. 2022ರ ಏಪ್ರಿಲ್ 1ರಿಂದ ಅರ್ಜಿ ಹಾಕಲು ಕಾಯಿದೆ ಕೊಟ್ಟಿರುವುದು ಅಪಘಾತದಿಂದ ಆರೇ ತಿಂಗಳು. ವರದಿಗಾಗಿ ಕಾಯುತ್ತ ಕೂರಬಾರದು. ಮಾನಸಿಕ ತೊಂದರೆಯನ್ನು ಅರ್ಜಿಯಲ್ಲೇ ನಮೂದಿಸಿ ಗಡುವಿನೊಳಗೆ ಹಾಕಿಬಿಡಬೇಕು, ವರದಿಯನ್ನು ಸಾಕ್ಷ್ಯದ ಹಂತದಲ್ಲಿ ನಿಶಾನೆ ಮಾಡಿಸಬೇಕು, ಅಂದರೆ ಕೋರ್ಟಿನ ದಾಖಲೆಯಾಗಿ ಗುರುತು ಹಾಕಿಸಬೇಕು. ಅಪಘಾತ ಬೆಂಗಳೂರಿನಲ್ಲಾಗಿದ್ದರೂ ಅರ್ಜಿದಾರರು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿ ಹಾಕಬಹುದು.

ಈಗ ಶೇಕಡಾವಾರಿನ ಗೊಂದಲ. ಅಂಗವಿಕಲರ ಗುರುತಿನ ಚೀಟಿಗಾಗಿ ಮಾನಸಿಕ ಕಾಯಿಲೆಯನ್ನು ಅಳೆಯುವುದು ‘ಐಡಿಯಾಸ್’ ಮಾಪಕದಿಂದ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕಕ್ಕೆ ತಲಾ 0ಯಿಂದ 4 ಅಂಕ, ಜೊತೆಗೆ ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದಕ್ಕೆ ಅಂಕ. ಒಟ್ಟು ಅಂಕ ನೋಡಿ ಶೇಕಡಾವಾರು ಹೇಳುತ್ತಾರೆ. ದೀರ್ಘಕಾಲದ ಕಾಯಿಲೆಗಳಿಗೆ ಮಾಡಿದ ಮಾಪಕವಾದ್ದರಿಂದ ಒಂದು ವರ್ಷದ ಹಿಂದಿನ ಅಪಘಾತದವರಿಗೆ ಅವಧಿಯ ಅಂಕ ಕಡಿಮೆಯೇ ಬರುತ್ತದೆ. ಅದಕ್ಕೆ ಎದೆಗುಂದಬೇಕಾಗಿಲ್ಲ. ನ್ಯಾಯಮಂಡಳಿಗೆ ಬೇಕಾದ್ದು ಈ ಸಂಖ್ಯೆಯಲ್ಲ. ಸುಪ್ರೀಂ ಕೋರ್ಟ್ 2010ರ ಅಕ್ಟೋಬರಿನಲ್ಲಿ ಕೊಟ್ಟ ರಾಜ್‌ಕುಮಾರ್ ತೀರ್ಪಿನ ಪ್ರಕಾರ ವೈದ್ಯರು ಹೇಳುವುದು ದೇಹದ ನಷ್ಟ. ಅದರಿಂದ ದುಡಿಮೆ ಎಷ್ಟು ಕುಂದಿತು ಎಂದು ನಿರ್ಧರಿಸುವುದು ನ್ಯಾಯಮಂಡಳಿ. ಗಾಯಾಳು ಮುಂಚೆ ಏನು ಕೆಲಸ ಮಾಡುತ್ತಿದ್ದರು, ಈಗ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನೋಡಿ ನಿರ್ಧರಿಸಬೇಕು.

ಇದನ್ನು ಅಡಿಕೆಯಲ್ಲೇ ನೋಡೋಣ. ಹಸ, ಬೆಟ್ಟೆ, ಇಡಿ ಎಂದು ಅಡಿಕೆಯನ್ನು ದರ್ಜೆವಾರು ಆರಿಸುವವರ ಕೆಲಸಕ್ಕೆ ಕೈಕಾಲಿಗಿಂತ ಗಂಟೆಗಟ್ಟಲೆ ತಪ್ಪದ ಗಮನ ಬೇಕು. ಕೊನೆಗಾರನಿಗೆ ಎತ್ತರದಲ್ಲಿ ಧೈರ್ಯ, ತಲೆಸುತ್ತಿಲ್ಲದ ಸಮತೋಲ ಬೇಕು. ಘಾಟಿಯಲ್ಲಿ ಲಾರಿ ಓಡಿಸುವವನಿಗೆ ತಲೆಪೆಟ್ಟಿನಿಂದ ಮೂರ್ಛೆ ರೋಗ ಶುರುವಾದರೆ ಲೈಸೆನ್ಸೇ ಹೋಗುತ್ತದೆ. ಅಂಗಡಿ ಗಲ್ಲಾದಲ್ಲಿ ಕೂರುವ ಮಾಲೀಕರಿಗೆ ಅದೇ ಮಟ್ಟದ ಭಯ ಅಷ್ಟು ನಷ್ಟ ಮಾಡದು. ವರದಿ ಬರೆಯುವವರಿಗೆ ಈ ಕೆಲಸದ ವಿವರ ಹೇಳದೆ ಬರೀ ‘ಕೂಲಿ’ ಎಂದರೆ ಅವರು ಬರೆಯುವುದೂ ಬರೀ ರೋಗದ ಹೆಸರು.

ಹಣದಲ್ಲಿ ವ್ಯತ್ಯಾಸ ಎಷ್ಟೆಂದು ಲೆಕ್ಕ ಹಾಕಿ. 34 ವರ್ಷದವರು, ತಿಂಗಳಿಗೆ 15,000 ರೂಪಾಯಿ ಆದಾಯ ಎಂದಿಟ್ಟುಕೊಳ್ಳಿ. ಸ್ವಂತ ದುಡಿಮೆಯ, 40 ದಾಟದವರಿಗೆ ಭವಿಷ್ಯದ ಏರಿಕೆ ಶೇ. 40 ಸೇರಿಸಿದರೆ 21,000. ವರ್ಷಕ್ಕೆ 2,52,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 31ರಿಂದ 35ರ ವಯಸ್ಸಿಗೆ ಗುಣಕ 16, ಅಲ್ಲಿಗೆ 40,32,000. ದುಡಿಮೆಯ ನಷ್ಟ ಶೇ. 10 ಎಂದರೆ 4,03,200, ಶೇ. 30 ಎಂದರೆ 12,09,600. ಕಾಲಿನ ಮೂಳೆ ಮಾತ್ರ ನೋಡಿದಾಗಿನ ಸಂಖ್ಯೆಗೂ, ಗಮನ ಮತ್ತು ನೆನಪಿನ ನಷ್ಟ ಸೇರಿಸಿ ನೋಡಿದಾಗಿನ ಸಂಖ್ಯೆಗೂ ಇಷ್ಟು ಅಂತರ ಬರಬಹುದು. ಇದರ ಮೇಲೆ ಮುಂದಿನ ಔಷಧ, ಆಪ್ತಸಮಾಲೋಚನೆಯ ಖರ್ಚು ಬೇರೆ ಸಾಲು. ವರದಿಯಲ್ಲಿ ‘ಚಿಕಿತ್ಸೆ ಮುಂದುವರಿಸಬೇಕು’ ಎಂದಷ್ಟೇ ಇದ್ದರೆ ಸಾಲದು. ಎಷ್ಟು ಕಾಲ, ತಿಂಗಳಿಗೆ ಎಷ್ಟು ಎಂದು ಬರೆಸಿ.

ಪಾಟಿಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ವೈದ್ಯರಿಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತವೆ. ನೀವು ಚಿಕಿತ್ಸೆ ಕೊಟ್ಟಿದ್ದೀರಾ, ಒಂದೇ ದಿನ ನೋಡಿದ್ದೀರಾ? ರೋಗಿ ಹೇಳಿದ್ದನ್ನೇ ಬರೆದಿದ್ದೀರಾ? ಪರೀಕ್ಷೆಯ ಮೂಲ ಅಂಕಪಟ್ಟಿ ತಂದಿದ್ದೀರಾ? ಅಪಘಾತಕ್ಕೆ ಮುಂಚೆ ಈ ತೊಂದರೆ ಇತ್ತೇ? ಕೊನೆಯದರಲ್ಲಿ ಅರ್ಜಿದಾರರೇ ಸಿಕ್ಕಿಬೀಳುವುದು ಹೆಚ್ಚು. ಐದು ವರ್ಷದ ಹಿಂದೆ ಖಿನ್ನತೆಗೆ ಮಾತ್ರೆ ತೆಗೆದುಕೊಂಡಿದ್ದರೆ, ಕುಡಿತ ಇದ್ದರೆ, ವೈದ್ಯರಿಗೂ ವಕೀಲರಿಗೂ ಮೊದಲೇ ಹೇಳಿಬಿಡಬೇಕು. ಮುಂಚೆ ಇದ್ದ ಕಾಯಿಲೆ ಅಪಘಾತದಿಂದ ಉಲ್ಬಣಿಸಿತು ಎನ್ನುವುದೂ ಹಕ್ಕಿನ ವಾದವೇ. ಮುಚ್ಚಿಟ್ಟು ಆಮೇಲೆ ಹಳೆ ಚೀಟಿ ಹೊರಬಂದರೆ ನಿಜವಾದ ಮುರಿದ ಕಾಲಿನ ಮೇಲೂ ಅನುಮಾನ ಬರುತ್ತದೆ. ನಿಮ್ಮ ದಾಖಲೆಗಳನ್ನು ಕೇಳಿ ಪಡೆಯುವ ಹಕ್ಕು 2017ರ ಮಾನಸಿಕ ಆರೋಗ್ಯ ಕಾಯಿದೆಯ 25ನೇ ಕಲಮಿನಲ್ಲಿದೆ. ವಕೀಲರ ಕಡೆಯಿಂದ ಇನ್ನೊಂದು ಕೆಲಸವಾಗಬೇಕು: ಹೆಂಡತಿಯನ್ನೋ ಕೆಲಸ ಕೊಟ್ಟವರನ್ನೋ ಸಾಕ್ಷಿಯಾಗಿ ಕರೆಸುವುದು. ‘ಮೊದಲಿನ ಹಾಗೆ ಇಲ್ಲ’ ಎಂಬ ಮಾತಿಗಿಂತ ‘ಮೂಟೆ ಲೆಕ್ಕ ತಪ್ಪುತ್ತಾರೆ, ಅದಕ್ಕೆ ಆ ಕೆಲಸದಿಂದ ತೆಗೆದೆ’ ಎಂಬ ಮಾತು ತೂಕದ್ದು.

ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆ ಬಂದಾಗ ಅವಸರ ಬೇಡ. ಅಲ್ಲಿ ಸಹಿ ಹಾಕಿದ ತೀರ್ಪಿಗೆ ಮೇಲ್ಮನವಿಯಿಲ್ಲ. ಪರೀಕ್ಷೆ ಆಗುವ ಮುಂಚೆ ಕಾಲಿನ ಲೆಕ್ಕಕ್ಕೆ ಒಪ್ಪಿ ಬಂದರೆ ಆಮೇಲೆ ತಲೆಯ ಲೆಕ್ಕ ಕೇಳಲು ಜಾಗವಿಲ್ಲ.

ಪೆಟ್ಟು ತೀವ್ರವಾಗಿ, ಗಾಯಾಳುವಿಗೆ ತನ್ನ ವ್ಯವಹಾರ ನೋಡಿಕೊಳ್ಳುವ ಶಕ್ತಿಯೇ ಇಲ್ಲದಿದ್ದರೆ ಮೌಲ್ಯಮಾಪನಕ್ಕೆ ಎರಡನೇ ಕೆಲಸವೂ ಇದೆ. ಅರ್ಜಿಯನ್ನು ಮನೆಯವರೊಬ್ಬರು ಅವರ ಪರವಾಗಿ ನಡೆಸಲು ವೈದ್ಯಕೀಯ ಆಧಾರ ಅದೇ. ನೋಡಿಕೊಳ್ಳುವವರ ವೆಚ್ಚವೂ ಅದರ ಮೇಲೆ ನಿಲ್ಲುತ್ತದೆ. ಮಿದುಳಿಗೆ ಪೆಟ್ಟಾಗಿ ಒಂಬತ್ತು ತಿಂಗಳ ಕೂಸಿನ ಬುದ್ಧಿಮಟ್ಟಕ್ಕೆ ಇಳಿದಿದ್ದ 12 ವರ್ಷದ ಹುಡುಗಿಯ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಸಹಾಯಕರ ತಿಂಗಳ ಖರ್ಚು ತಲಾ 5,000ದಂತೆ 10,000 ರೂಪಾಯಿ ಎಂದು ಹಿಡಿದು, ಗುಣಕ 18ರಿಂದ 21,60,000 ರೂಪಾಯಿ ಕೊಟ್ಟಿತು. ನಮ್ಮ ಮನೆಗಳಲ್ಲಿ ತಾಯಿಯೋ ಹೆಂಡತಿಯೋ ಸಂಬಳವಿಲ್ಲದೆ ಈ ಕೆಲಸ ಮಾಡುತ್ತಾರೆ, ಆದ್ದರಿಂದ ಕೇಳುವುದನ್ನೇ ಮರೆಯುತ್ತಾರೆ. ದಿನಕ್ಕೆ ಎಷ್ಟು ಗಂಟೆ, ಯಾವ ಯಾವ ಕೆಲಸಕ್ಕೆ ಇನ್ನೊಬ್ಬರು ಬೇಕು ಎಂಬುದನ್ನು ಮೌಲ್ಯಮಾಪನದ ದಿನವೇ ವೈದ್ಯರಿಗೆ ಹೇಳಿ ಬರೆಸಿಕೊಳ್ಳಿ.