ಸೈನ್ಯಕ್ಕೆ ಹೊರಟ ಹುಡುಗರ ಕೈಗೆ ಎಂಥ ಕಂಪ್ಯೂಟರ್ ಕೊಡಬೇಕು

ಸೈನ್ಯದಲ್ಲಿ ಕ್ಲರ್ಕ್ ಆಗಿ ಸೇವೆ ಮುಗಿಸಿ ಗದಗಿಗೆ ಮರಳಿದ ಮೇಲೆ, ಭರ್ತಿಗೆ ತಯಾರಾಗುವ ಹುಡುಗರಿಗೆ ಸಂಜೆ ಹೊತ್ತು ಕಂಪ್ಯೂಟರ್ ಕಲಿಸುತ್ತಿದ್ದೇನೆ. ನಾನು ಕಲಿತದ್ದು ಟೈಪ್‌ರೈಟರ್ ಮೇಲೆ, ಕಾರ್ಬನ್ ಕಾಗದ ಇಟ್ಟು. ಈಗ ಹಾಗಿಲ್ಲ. 2023ರಿಂದ ಅಗ್ನಿವೀರ ಭರ್ತಿಯಲ್ಲಿ ಓಟಕ್ಕಿಂತ ಮೊದಲೇ ಕಂಪ್ಯೂಟರ್ ಮುಂದೆ ಕುಳಿತು ಪರೀಕ್ಷೆ ಬರೆಯಬೇಕು. ಕ್ಲರ್ಕ್ ಹುದ್ದೆ ಬಯಸುವವರಿಗೆ ಟೈಪಿಂಗ್ ಪರೀಕ್ಷೆಯೂ ಇದೆ.

ಮುಳಗುಂದದ ಕಡೆಯಿಂದ ಬರುವ ಹುಡುಗನೊಬ್ಬ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸುತ್ತಾನೆ. ಆದರೆ ಮೊದಲ ದಿನ ಮೌಸನ್ನು ಮೇಜಿನ ಅಂಚಿನವರೆಗೂ ತಳ್ಳಿಕೊಂಡು ಹೋಗಿ, ಬಾಣದ ಗುರುತು ಬೇಕಾದಲ್ಲಿ ನಿಲ್ಲದಿದ್ದಾಗ, ಮೊಬೈಲಿನ ರೂಢಿಯಂತೆ ಪರದೆಯನ್ನೇ ಬೆರಳಿನಿಂದ ಒತ್ತಿದ. ಅವನಿಗೆ ಬುದ್ಧಿಯ ಕೊರತೆಯಿಲ್ಲ, ಅದುವರೆಗೆ ಎದುರಿಗೆ ಕಂಪ್ಯೂಟರ್ ಇರಲಿಲ್ಲ ಅಷ್ಟೆ.

ತರಬೇತಿಗೆ ದುಬಾರಿ ಯಂತ್ರ ಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಪರಿಚಯದವರೊಬ್ಬರು ಕೊಟ್ಟ ಆರು ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಇಲ್ಲದ್ದರಿಂದ ವಿಂಡೋಸ್ 11 ಕೂಡಲಿಲ್ಲ. ಹಳೆಯ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಗುಜರಿಗೆ ಹಾಕಿರೆಂದು ಹಲವರು ಹೇಳಿದರು. ನಾವು ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಕೂಡಿಸಿ, ವಿಂಡೋಸ್ ಬದಲು ಉಬುಂಟು ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆವು. ರಕ್ಷಣಾ ಸಚಿವಾಲಯವು 2023ರಲ್ಲಿ ತನ್ನ ಕಚೇರಿಯ ಕಂಪ್ಯೂಟರುಗಳಿಗೆಂದು ತಂದ ‘ಮಾಯಾ’ ವ್ಯವಸ್ಥೆಯೂ ಉಬುಂಟು ಆಧಾರಿತವೇ ಆಗಿರುವುದರಿಂದ, ನಮ್ಮ ಹುಡುಗರು ಕಲಿಯುತ್ತಿರುವುದು ಕೆಳದರ್ಜೆಯದಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಹಣ ಖರ್ಚು ಮಾಡಲೇಬೇಕಾದದ್ದು ಕೀಬೋರ್ಡಿಗೆ ಮತ್ತು ಯುಪಿಎಸ್‌ಗೆ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಉಬ್ಬು ಸವೆದಿದ್ದರೆ, ಕಣ್ಣು ಕೆಳಗೆ ಹಾಕದೆ ಟೈಪ್ ಮಾಡುವವನ ಬೆರಳು ತನ್ನ ಜಾಗವನ್ನು ಕಂಡುಕೊಳ್ಳಲಾರದು. ಕರೆಂಟ್ ಹೋದಾಗಲಂತೂ ಅರ್ಧ ಹೊಡೆದ ಪುಟದೊಂದಿಗೆ ಹುಡುಗನ ಉತ್ಸಾಹವೂ ಹೋಗುತ್ತದೆ.

ಸಮೀಪದ ಕಾಲೇಜೊಂದರಲ್ಲಿ ಒಳ್ಳೆಯ ಕಂಪ್ಯೂಟರ್ ಕೋಣೆಯಿದ್ದು, ಸಂಜೆ ಐದಕ್ಕೆ ಬೀಗ ಬೀಳುತ್ತದೆ. ಭಾನುವಾರವಾದರೂ ತೆರೆಯಿರೆಂದು ಎರಡು ಸಲ ಅರ್ಜಿ ಬರೆದುಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಸದ್ಯ ಒಬ್ಬೊಬ್ಬನಿಗೆ ಅರ್ಧ ಗಂಟೆಯ ಪಾಳಿ ಹಚ್ಚಿದ್ದೇವೆ. ಪಾಳಿ ಕಾಯುವವರು ರಟ್ಟಿನ ಮೇಲೆ ಬರೆದ ಕೀಲಿಗಳ ಮೇಲೆ ಬೆರಳಾಡಿಸುತ್ತ ಕುಳಿತಿರುತ್ತಾರೆ.