ಎನ್‌ಸಿಸಿ ಮೇಷ್ಟ್ರು ಓದಿಸಿದ ಪುಸ್ತಕಗಳು

ನಮ್ಮ ಕಾಲದಲ್ಲಿ ಇತಿಹಾಸದ ಮೇಷ್ಟ್ರೂ ಎನ್‌ಸಿಸಿ ಅಧಿಕಾರಿಯೂ ಒಬ್ಬರೇ. ಬೆಳಗ್ಗೆ ಮೈದಾನದಲ್ಲಿ ಖಾಕಿ, ಹತ್ತು ಗಂಟೆಗೆ ಕ್ಲಾಸಿನಲ್ಲಿ ಬಿಳಿ ಷರಟು. 1999ರಲ್ಲಿ ರಜೆ ಮುಗಿದು ಕಾಲೇಜು ಶುರುವಾದಾಗ ಟೀವಿ ತುಂಬ ಕಾರ್ಗಿಲ್ ಯುದ್ಧ. ಕ್ಯಾಂಟೀನಿನಲ್ಲಿ ಕೂತವರೆಲ್ಲ ಜನರಲ್‌ಗಳೇ. "ಬೊಫೋರ್ಸ್ ಫಿರಂಗಿ ಇದೆ, ಮಿರಾಜ್ ವಿಮಾನ ಇದೆ. ಒಂದು ಬೆಟ್ಟ ಹಿಡಿಯೋಕೆ ಇಷ್ಟು ದಿನ ಯಾಕೆ ಸಾರ್?" ಎಂದು ಒಬ್ಬ ಕೇಳಿಯೇಬಿಟ್ಟ. ಮೇಷ್ಟ್ರು ಆಗ ಏನೂ ಹೇಳಲಿಲ್ಲ. ಮುಂದಿನ ಶನಿವಾರ ನಮ್ಮನ್ನೆಲ್ಲ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಕರೆದುಕೊಂಡು ಹೋದರು.

ಅಲ್ಲಿ ಬೇಗೂರಿನ ವೀರಗಲ್ಲಿದೆ. ಗಂಗರ ಕಾಲದ್ದು, ಸಾವಿರ ವರ್ಷಕ್ಕೂ ಹಳೆಯದು. ಆನೆ, ಕುದುರೆ, ಆಳುಗಳು, ಎಲ್ಲ ಒತ್ತೊತ್ತಾಗಿ ಒಂದೇ ಕಲ್ಲಿನಲ್ಲಿ. (ಬೆಂಗಳೂರು ಎಂಬ ಹೆಸರು ಮೊದಲು ಸಿಗುವುದೂ ಬೇಗೂರಿನ ಇನ್ನೊಂದು ಶಾಸನದಲ್ಲೇ, ಅದೂ ಒಂದು ಕಾಳಗದ ನೆಪದಲ್ಲಿ.) "ಇಲ್ಲಿ ಎಲ್ಲರೂ ಕಾಣ್ತಾರೆ, ಅಲ್ವಾ? ಈಗಿನ ಯುದ್ಧದಲ್ಲಿ ಕಂಡವನು ಸತ್ತ" ಎಂದರು ಮೇಷ್ಟ್ರು. ಅಷ್ಟೇ ಪಾಠ. ಆಮೇಲೆ ಕೈಗೆ ಒಂದು ಪಟ್ಟಿ ಕೊಟ್ಟರು.

ಪಟ್ಟಿಯಲ್ಲಿ ಮೊದಲನೆಯದು ಮೇಷ್ಟ್ರ ಹತ್ತಿರವಿದ್ದ ಜೆರಾಕ್ಸ್ ಪ್ರತಿ, 'ದಿ ಡಿಫೆನ್ಸ್ ಆಫ್ ಡಫರ್ಸ್ ಡ್ರಿಫ್ಟ್'. ಅರ್ನೆಸ್ಟ್ ಸ್ವಿಂಟನ್ ಎಂಬ ಬ್ರಿಟಿಷ್ ಅಧಿಕಾರಿ 1904ರಲ್ಲಿ ಬರೆದದ್ದು. ಮುಂದೆ ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ಹುಟ್ಟುಹಾಕಿದವರಲ್ಲಿ ಈತನೂ ಒಬ್ಬ. ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋಯರ್ ರೈತರಿಗೂ ನಡೆದ ಯುದ್ಧದ ಕಥೆ. ಒಬ್ಬ ಎಳೆಯ ಲೆಫ್ಟಿನೆಂಟು, 50 ಜನ, ಕಾಯಬೇಕಾದದ್ದು ಹೊಳೆ ದಾಟುವ ಒಂದು ಜಾಗ. ಅವನಿಗೆ ಆರು ಕನಸು ಬೀಳುತ್ತವೆ. ಐದರಲ್ಲಿ ಸೋಲು. ಮೊದಲ ಕನಸಿನಲ್ಲಿ ಬಯಲಲ್ಲೇ ಅಚ್ಚುಕಟ್ಟಾಗಿ ಟೆಂಟು ಹಾಕುತ್ತಾನೆ. ಪಕ್ಕದ ತೋಟದವರು ಮೊಟ್ಟೆ, ಬೆಣ್ಣೆ ಮಾರಲು ಬರುತ್ತಾರೆ, ಕ್ಯಾಂಪಿನಲ್ಲೆಲ್ಲ ಓಡಾಡುತ್ತಾರೆ. ಪಾಪ, ಒಳ್ಳೆ ಜನ ಅಂದುಕೊಳ್ಳುತ್ತಾನೆ. ರಾತ್ರಿ ದಾಳಿ. ಒಂದೊಂದು ಕನಸಿಗೂ ಒಂದಷ್ಟು ಪಾಠ ಕಲಿತು, ಮುಂದಿನ ಕನಸಿನಲ್ಲಿ ಹೊಸ ತಪ್ಪು ಮಾಡುತ್ತಾನೆ. ಕಂದಕ ತೋಡಿದರೆ ಹಿಂದಿನಿಂದ ಗುಂಡು ಬರುತ್ತದೆ. ಆರನೆಯದರಲ್ಲಿ ಮಾತ್ರ ಹೊಳೆಯ ದಡದಲ್ಲೇ ಅಡಗಿ ಕೂತು ಗೆಲ್ಲುತ್ತಾನೆ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ನಗು ಬರುತ್ತದೆ, ಆದರೆ ಪಾಠ ಮರೆಯುವುದಿಲ್ಲ.

ನಮಗೆ ಎನ್‌ಸಿಸಿಯಲ್ಲಿ ಹವಾಲ್ದಾರರು ಹಿಂದಿಯಲ್ಲಿ ಹೇಳುತ್ತಿದ್ದ 'ಚೀಜೇಂ ಕ್ಯೋಂ ನಜರ್ ಆತೀ ಹೈಂ' ಪಾಠ ಇದೇ. ವಸ್ತುಗಳು ಯಾಕೆ ಕಾಣುತ್ತವೆ? ಆಕಾರದಿಂದ, ಹೊಳಪಿನಿಂದ, ನೆರಳಿನಿಂದ, ಅಲುಗಾಡುವುದರಿಂದ. ಇದನ್ನು ಉರು ಹೊಡೆದು 'ಸಿ' ಸರ್ಟಿಫಿಕೇಟ್ ತಗೊಂಡವರು ಎಷ್ಟೋ ಜನ. ಸ್ವಿಂಟನ್ ಓದಿದ ಮೇಲೆ ಅದಕ್ಕೆ ಜೀವ ಬಂತು.

ಎರಡನೆಯದು ಜರ್ಮನ್ ಸೇನಾಧಿಕಾರಿ ರೊಮೆಲ್‌ನ 'ಇನ್‌ಫೆಂಟ್ರಿ ಅಟ್ಯಾಕ್ಸ್', 1937ರದ್ದು. ಮೊದಲ ಮಹಾಯುದ್ಧದಲ್ಲಿ ತಾನು ಮಾಡಿದ ಚಿಕ್ಕ ಚಿಕ್ಕ ಕಾದಾಟಗಳನ್ನು ನಕ್ಷೆ ಸಮೇತ ಬರೆದಿದ್ದಾನೆ. ಇಟಲಿಯ ಬೆಟ್ಟಗಳ ಭಾಗ ಓದಿ ಸಾಕು. ಬರೆದವನು ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು ಸ್ವಲ್ಪ ಜಾಸ್ತಿ.

ಜಾನ್ ಕೀಗನ್ ಬರೆದ 'ದಿ ಫೇಸ್ ಆಫ್ ಬ್ಯಾಟಲ್' (1976) ನನಗೆ ಸಿಕ್ಕಿದ್ದು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ. ಕೀಗನ್ ಬ್ರಿಟನ್ನಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ತಾನು ಯುದ್ಧ ನೋಡಿದವನೇ ಅಲ್ಲ ಎಂದು ಮೊದಲೇ ಹೇಳಿಬಿಡುತ್ತಾನೆ. 1415ರ ಅಜಿನ್‌ಕೋರ್ಟ್, 1815ರ ವಾಟರ್‌ಲೂ, 1916ರ ಸೊಮ್, ಈ ಮೂರು ಕದನಗಳಲ್ಲಿ ಸಾಮಾನ್ಯ ಸಿಪಾಯಿಗೆ ಏನು ಕಂಡಿತು, ಏನು ಕೇಳಿಸಿತು, ಗಾಯಗೊಂಡವನ ಗತಿ ಏನಾಯಿತು ಎಂದು ಹುಡುಕುತ್ತಾನೆ. ಸೊಮ್‌ನ ಮೊದಲ ದಿನವೇ ಬ್ರಿಟಿಷರ ಕಡೆ 19,240 ಜನ ಸತ್ತರು. ಅಲ್ಲಿ ಫಿರಂಗಿ ಬೇಕಾದಷ್ಟಿತ್ತು. ಒಂದು ವಾರ ಹೊಡೆದಿದ್ದರು ಕೂಡ. ಆದರೂ ಗುಂಡಿನ ಮಳೆ ನಿಂತು ಸಿಪಾಯಿಗಳು ಕಂದಕ ಬಿಟ್ಟು ಎದ್ದಾಗ, ಆ ಕಡೆ ನೆಲದಾಳದಲ್ಲಿ ಅವಿತಿದ್ದವರೂ ಮೆಷಿನ್‌ಗನ್ ಹೊತ್ತು ಮೇಲೆ ಬಂದರು. ಕ್ಯಾಂಟೀನಿನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಪಟ್ಟಿಯಲ್ಲಿ ನಾನು ಒಪ್ಪದ ಪುಸ್ತಕ ಅಮೆರಿಕದ ಸೇನಾ ಇತಿಹಾಸಕಾರ ಎಸ್.ಎಲ್.ಎ. ಮಾರ್ಷಲ್ 1947ರಲ್ಲಿ ಬರೆದ 'ಮೆನ್ ಅಗೇನ್‌ಸ್ಟ್ ಫೈರ್'. ಕಾದಾಟದಲ್ಲಿ ನೂರಕ್ಕೆ 15ರಿಂದ 25 ಜನ ಮಾತ್ರ ಗುಂಡು ಹಾರಿಸುತ್ತಾರೆ ಎಂಬ ಆತನ ಮಾತನ್ನು ಮೇಷ್ಟ್ರು ತುಂಬ ನೆಚ್ಚಿಕೊಂಡಿದ್ದರು. ಆ ಲೆಕ್ಕಕ್ಕೆ ಆಧಾರವೇ ಸಿಗುವುದಿಲ್ಲ ಎಂದು ಆಮೇಲಿನ ಇತಿಹಾಸಕಾರರು ತೋರಿಸಿದ್ದಾರೆ. ಓದಿ, ಆದರೆ ಅಂಕಿಗಳನ್ನು ಸುಮ್ನೆ ನಂಬಬೇಡಿ.

ಇಷ್ಟೂ ಇಂಗ್ಲಿಷ್ ಆಯಿತು. ಕನ್ನಡದಲ್ಲೇ ಓದಬೇಕು ಅನ್ನುವವರಿಗೆ 'ಹಿಮಾಲಯನ್ ಬ್ಲಂಡರ್' ಇದೆ, ರವಿ ಬೆಳಗೆರೆ ಅನುವಾದ. ಮೂಲ ಬರೆದ ಬ್ರಿಗೇಡಿಯರ್ ಜೆ.ಪಿ. ದಳವಿ 1962ರಲ್ಲಿ ಚೀನಾ ಎದುರು ಈಗಿನ ಅರುಣಾಚಲದ ನಾಮ್ಕಾ ಚು ಹೊಳೆಯ ಪಕ್ಕ ನಿಂತ 7ನೇ ಬ್ರಿಗೇಡಿನ ಮುಖ್ಯಸ್ಥರು. ನಮ್ಮವರು ಕಣಿವೆಯಲ್ಲಿ, ಚೀನೀಯರು ಮೇಲೆ ಥಗ್ಲಾ ಬೆಟ್ಟದ ಏಣಿನಲ್ಲಿ. ಚಳಿಗೆ ತಕ್ಕ ಬಟ್ಟೆಯಿಲ್ಲ, ಗುಂಡು ಸಾಲದು, ರಸ್ತೆಯಿಲ್ಲ. ಅಕ್ಟೋಬರ್ 20ರ ಬೆಳಗ್ಗೆ ದಾಳಿಯಾಯಿತು. ದಳವಿ ಸೆರೆಯಾದರು. ರಾಜಕೀಯದ ಕೋಪಕ್ಕೇ ಜನ ಈ ಪುಸ್ತಕ ಓದುತ್ತಾರೆ. ನಾನು ಹೇಳುವುದು, ದೆಹಲಿಯ ಪುಟಗಳನ್ನು ಬೇಗ ದಾಟಿ. ಹೊಳೆಯ ದಡದ ಪುಟಗಳಲ್ಲಿ ನಿಲ್ಲಿ. ಮೇಲಿನಿಂದ ಕಾಣುವ ಜಾಗದಲ್ಲಿ ಕೂರಿಸಿದರೆ ಎಂಥ ಧೈರ್ಯವಂತನ ಗತಿಯೂ ಏನಾಗುತ್ತದೆ ಎನ್ನುವುದು ಅಲ್ಲಿದೆ. ಸ್ವಿಂಟನ್‌ನ ಲೆಫ್ಟಿನೆಂಟು ಕನಸಿನಲ್ಲಿ ಸೋತ. ಇವರು ನಿಜವಾಗಿ ಸೋತರು.

ಪಟ್ಟಿಗೆ ನಾನು ಸೇರಿಸುವವು ಎರಡೇ. ಒಂದು, ಸ್ಟೀಫನ್ ಬಿಡಲ್‌ನ 'ಮಿಲಿಟರಿ ಪವರ್' (2004). ಸ್ವಲ್ಪ ಒಣ ಪುಸ್ತಕ, ಗಣಿತವೂ ಇದೆ, ಅದನ್ನು ಹಾರಿಸಬಹುದು. ಮರೆ ನೋಡಿಕೊಂಡು, ಚದುರಿಕೊಂಡು, ಸಣ್ಣ ಗುಂಪಾಗಿ, ಒಬ್ಬರು ಗುಂಡು ಹಾರಿಸಿ ಶತ್ರು ತಲೆ ಎತ್ತದಂತೆ ಮಾಡಿದಾಗ ಇನ್ನೊಬ್ಬರು ಮುಂದೆ ಹೋಗುವುದು, ಇದನ್ನು 1918ರ ಹೊತ್ತಿಗೆ ಸೇನೆಗಳು ಕಲಿತವು. ಇದು ಬಂದ ಸೇನೆ ಉಳಿಯುತ್ತದೆ, ಬರೀ ಒಳ್ಳೆ ಆಯುಧ ಇದ್ದರೆ ಸಾಲದು ಎಂಬುದು ಆತನ ವಾದ. ಇನ್ನೊಂದು, ಕಾರ್ಗಿಲ್ ಕಾಲದಲ್ಲಿ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ವಿ.ಪಿ. ಮಲಿಕ್ 2006ರಲ್ಲಿ ಬರೆದ ಪುಸ್ತಕ. ಜೂನ್ 13ರಂದು ತೋಲೋಲಿಂಗ್ ಶಿಖರ ಕೈಗೆ ಬಂತು, ಜುಲೈ 4ರಂದು ಟೈಗರ್ ಹಿಲ್. ಬೋಳು ಇಳಿಜಾರು, ಅಡಗಲು ಒಂದು ಪೊದೆಯೂ ಇಲ್ಲ, ಹತ್ತುವುದೆಲ್ಲ ರಾತ್ರಿ. ನಮ್ಮವರು ತುದಿಗೆ ಹತ್ತಿರವಾದರೆ ಬೊಫೋರ್ಸ್ ಹೊಡೆತ ನಿಲ್ಲಿಸಲೇಬೇಕು. ಅಲ್ಲಿಂದ ಮುಂದೆ ರೈಫಲ್ಲು, ಗ್ರೆನೇಡು, ಕಾಲಿನ ಬಲ. ಅಷ್ಟು ದಿನ ಯಾಕೆ ಬೇಕಾಯಿತು ಅಂದರೆ ಇದಕ್ಕೇ.

ಈಗ ಯುಕ್ರೇನ್‌ನಲ್ಲಿ ಡ್ರೋನ್ ತಲೆಯ ಮೇಲೇ ನಿಂತು ನೋಡುತ್ತದೆ. ಹಗಲಲ್ಲಿ ಇಬ್ಬರು ಮೂವರು ಒಟ್ಟಿಗೆ ನಡೆಯುವುದೂ ಕಷ್ಟ. ಹವಾಲ್ದಾರರ ಪಟ್ಟಿಗೆ ಮೈಯ ಬಿಸಿ, ಮೊಬೈಲ್ ಸಿಗ್ನಲ್ ಸೇರಿಕೊಂಡಿವೆ. ಇದರ ಬಗ್ಗೆ ಪುಸ್ತಕಗಳು ಬರುತ್ತಲೇ ಇವೆ, ಯಾವುದು ನಿಲ್ಲುತ್ತದೋ ನೋಡಬೇಕು.

'ಡಫರ್ಸ್ ಡ್ರಿಫ್ಟ್' ಈಗ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಕನ್ನಡಕ್ಕೆ ತರಲೂ ಅಡ್ಡಿಯಿಲ್ಲ. ಈಗಿನ ಎನ್‌ಸಿಸಿ ಮಕ್ಕಳು ಒಬ್ಬೊಬ್ಬರು ಒಂದೊಂದು ಕನಸು ಹಂಚಿಕೊಂಡು ಅನುವಾದ ಮಾಡಿದರೆ, ಮುಂದಿನ ಸಂಚಿಕೆಗೆ ಕರಡು ತಿದ್ದಿಕೊಡುವ ಕೆಲಸ ನನ್ನದು.