ಅಘನಾಶಿನಿಯ ಬಳಚು

ಇವತ್ತು ಬೆಳಿಗ್ಗೆ ಸಾಗರದ ಮೀನು ಮಾರ್ಕೆಟ್ಟಿಗೆ ಬಳಚು, ಅಂದರೆ ಕೆಸರಲ್ಲಿ ಬದುಕುವ ಎರಡು ಚಿಪ್ಪಿನ ಜೀವಿ, ಬಂದಿತ್ತು.

"ಅಕ್ಕಾ, ಶರಾವತಿದಾ?" ಅಂದೆ.
"ಇಲ್ಲ ಅಮಾ, ಅಘನಾಶಿನಿದು. ಶರಾವತಿಲಿ ಈಗ ಎಲ್ಲಿ ಸಿಗ್ತದೆ?"

ಒಂದನ್ನು ಕೈಗೆ ತಗೊಂಡೆ. ಮೈಮೇಲೆ ಒಂದರೊಳಗೊಂದು ಗೆರೆ. ಸಂದಿಯಲ್ಲಿ ಇನ್ನೂ ಕಪ್ಪು ಕೆಸರು. ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತ್ತು.

ಶರಾವತಿಯಲ್ಲಿ ಸಿಗದಿರುವುದಕ್ಕೆ ಕಾರಣ ನಮ್ಮ ತಾಲ್ಲೂಕಿನಲ್ಲೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಕರೆಂಟು ತೆಗೆದು ಬಿಟ್ಟ ನೀರು ಬೇಸಿಗೆಯಲ್ಲೂ ಹೊನ್ನಾವರದ ಕಡೆ ಹರಿಯುತ್ತದೆ. ನದಿ ಕಡಲು ಸೇರುವ ಅಳಿವೆಯ ಉಪ್ಪು ತೆಳುವಾಯಿತು. ಮೀನಾದರೆ ಈಜಿಕೊಂಡು ಬೇರೆ ಕಡೆ ಹೋಗುತ್ತದೆ. ಬಳಚು ಎಲ್ಲಿಗೆ ಹೋಗಬೇಕು, ಹೇಳಿ? ನೆಲೆ ಹಿಡಿದ ಕೆಸರಲ್ಲೇ ಇರಬೇಕು, ಇಲ್ಲ ಸಾಯಬೇಕು.

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿ ಉಳಿದಿದೆ.

ತಳದ ಜೀವಿಗಳು ಹೀಗೆ ಜಾಗ ಬಿಟ್ಟು ಹೋಗಲಾರವು. ಕಡಲಿನ ಆರೋಗ್ಯ ನೋಡುವವರು ತಳದ ಕೆಸರು ಎತ್ತಿ ಜರಡಿ ಹಿಡಿಯುವುದು ಇದಕ್ಕೇ. ಚರಂಡಿ ನೀರು ಜಾಸ್ತಿ ಸೇರುವ ಕಡೆ ಚಿಪ್ಪು, ಏಡಿ ಕಡಿಮೆಯಾಗಿ ಸಣ್ಣ ಕೆಂಪು ಹುಳಗಳೇ ತುಂಬಿಕೊಳ್ಳುತ್ತವೆ.

ನಮ್ಮನೆ ದೀಪ ಉರಿಯುವುದೂ ಲಿಂಗನಮಕ್ಕಿಯ ನೀರಿನಿಂದಲೇ ಅಲ್ವಾ? ದಾರಿಯುದ್ದಕ್ಕೂ ಅದೇ ಸಂಕಟ.

ಸಾರು ಆಯಿತು. ಚಿಪ್ಪುಗಳನ್ನು ತೊಳೆದು ಕಟ್ಟೆ ಮೇಲೆ ಇಟ್ಟಿದ್ದೇನೆ.